ಲಕೋಟೆಯೊಳಗಿನ ಗ್ರೀಕ್ ಮಾತು

ಸಂಜೆ ಆರೂವರೆ. ತಾಲ್ಲೂಕು ಊರಿನ ಸ್ಕ್ಯಾನಿಂಗ್ ಸೆಂಟರಿನ ಕಿಟಕಿಯಿಂದ ಉದ್ದನೆಯ ಬಿಳಿ ಲಕೋಟೆಯೊಂದು ಹೊರಗೆ ಬರುತ್ತದೆ. ಹೊಟ್ಟೆನೋವೆಂದು ಬಂದಿದ್ದ ಅಪ್ಪ ಬೆಂಚಿನ ಮೇಲೆ ಕೂತು ಪಿಯುಸಿ ಓದುವ ಮಗಳ ಮುಖವನ್ನೇ ನೋಡುತ್ತಿದ್ದಾರೆ. "ಏನ್ ಬರ್ದವ್ರೆ ಮಗಾ?" ಡಾಕ್ಟರು ಆಗಲೇ ಮನೆಗೆ ಹೋಗಿಯಾಗಿದೆ, ಇನ್ನು ಸಿಗುವುದು ನಾಳೆ ಹತ್ತಕ್ಕೆ. ಊರಿಗೆ ಕೊನೆಯ ಬಸ್ಸು ಏಳಕ್ಕೆ. ಮಗಳು ಲಕೋಟೆ ಬಿಚ್ಚುತ್ತಾಳೆ. ಕೋಲಿಲಿಥಿಯಾಸಿಸ್. ಮೈಲ್ಡ್ ಹೆಪಟೋಮೆಗಲಿ. ಅಕ್ಷರ ಎಲ್ಲವೂ ಗೊತ್ತು, ಪದ ಒಂದೂ ಗೊತ್ತಿಲ್ಲ. ಬಸ್ಸಿನಲ್ಲಿ ಕೂತು ಆ ಪದಗಳನ್ನು ಮೊಬೈಲಿನಲ್ಲಿ ಹುಡುಕುತ್ತಾಳೆ. ಮೂರನೆಯ ಸಾಲಿಗೇ 'ಕ್ಯಾನ್ಸರ್' ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಮೊಬೈಲನ್ನು ಚೀಲಕ್ಕೆ ಹಾಕಿ, "ಏನಿಲ್ಲಪ್ಪ, ನಾಳೆ ಹೇಳ್ತಾರಂತೆ" ಅನ್ನುತ್ತಾಳೆ. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ.

ಆ ಎರಡು ಪದಗಳಿಗೆ ಇದ್ದ ಅರ್ಥ ಇಷ್ಟೇ: ಪಿತ್ತಕೋಶದಲ್ಲಿ ಕಲ್ಲಿದೆ, ಲಿವರ್ ಸ್ವಲ್ಪ ಊದಿದೆ.

ಲಕೋಟೆ ಕೈಗೆ ಬರುವ ಸಂಜೆಗೂ ಡಾಕ್ಟರು ಸಿಗುವ ಬೆಳಗಿಗೂ ನಡುವೆ ಇರುವ ಆ ಒಂದು ರಾತ್ರಿಗಾಗಿ ಈ ಬರಹ. ಇದನ್ನು ಓದಿ ಯಾರೂ ತಮ್ಮ ರೋಗವನ್ನು ತಾವೇ ಪತ್ತೆಹಚ್ಚಬೇಕಿಲ್ಲ. ಆದರೆ ನಮ್ಮದೇ ಮೈಯ ಬಗ್ಗೆ ಬರೆದ ಎರಡು ಸಾಲು ನಮಗೇ ಅಪರಿಚಿತವಾಗಿ ಉಳಿಯಬಾರದು ಎಂಬುದು ನನ್ನ ಆಸೆ.

ಬಾಲ ಹಿಡಿದು ಓದಿ

ವೈದ್ಯಕೀಯದ ಉದ್ದುದ್ದ ಪದಗಳು ರೈಲಿನ ಡಬ್ಬಿಗಳಂತೆ, ಒಂದಕ್ಕೊಂದು ಕೊಂಡಿ ಹಾಕಿದ ತುಂಡುಗಳು. ಬಿಡಿಸಿದರೆ ಒಳಗೆ ಇರುವುದು ತೀರಾ ಸಾಮಾನ್ಯ ಮಾತು. ಗ್ರೀಕ್ ಭಾಷೆಯಲ್ಲಿ 'ಕೋಲಿ' ಎಂದರೆ ಪಿತ್ತ, 'ಲಿಥೋಸ್' ಎಂದರೆ ಕಲ್ಲು. 'ಹೆಪಾರ್' ಎಂದರೆ ಲಿವರ್, 'ಮೆಗಾ' ಎಂದರೆ ದೊಡ್ಡದು. ಹೆಪಟೋಮೆಗಲಿ ಎಂದರೆ ದೊಡ್ಡ ಲಿವರ್, ಅಷ್ಟೆ. ಅದು ಯಾಕೆ ದೊಡ್ಡದಾಯಿತು ಎಂಬುದನ್ನು ಆ ಪದ ಹೇಳುವುದೇ ಇಲ್ಲ.

ಇಂಥ ಪದ ಎದುರಾದರೆ ಮೊದಲು ಬಾಲ ನೋಡಬೇಕು. ಬಾಲದಲ್ಲಿ 'ಐಟಿಸ್' ಇದ್ದರೆ ಉರಿಯೂತ: ಅಪೆಂಡಿಸೈಟಿಸ್, ಟಾನ್ಸಿಲೈಟಿಸ್, ಆರ್ಥ್ರೈಟಿಸ್. 'ಆಲ್ಜಿಯಾ' ಇದ್ದರೆ ನೋವು. 'ಈಮಿಯಾ' ಇದ್ದರೆ ಮಾತು ರಕ್ತದ್ದು, 'ಯೂರಿಯಾ' ಇದ್ದರೆ ಮೂತ್ರದ್ದು. ಆಪರೇಷನ್ನಿನ ಮಾತಿಗೆ ಬಂದರೆ ಮೂರು ಬಾಲಗಳ ವ್ಯತ್ಯಾಸ ಗೊತ್ತಿರಲೇಬೇಕು. 'ಆಟಮಿ' ಎಂದರೆ ಕೊಯ್ದು ತೆರೆಯುವುದು, 'ಎಕ್ಟಮಿ' ಎಂದರೆ ಕೊಯ್ದು ತೆಗೆದುಹಾಕುವುದು, 'ಆಸ್ಟಮಿ' ಎಂದರೆ ಮೈಯಲ್ಲಿ ಹೊಸದೊಂದು ಬಾಯಿ ಮಾಡುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಈ ಒಂದೆರಡು ಅಕ್ಷರದ ಅಂತರದಲ್ಲಿ ಒಂದು ಅಂಗವೇ ಇರುತ್ತದೆ ಅಥವಾ ಹೋಗುತ್ತದೆ.

ಜನ ಅತಿ ಹೆಚ್ಚು ಹೆದರುವ ಬಾಲ 'ಓಮಾ'. ಅದಕ್ಕೆ ಗಡ್ಡೆ, ಊತ ಎಂಬ ಅರ್ಥ. ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ ಕ್ಯಾನ್ಸರ್‌ಗಳು ನಿಜ. ಆದರೆ ಲೈಪೋಮಾ ಎಂಬುದು ಚರ್ಮದ ಕೆಳಗೆ ಬೆಳೆಯುವ, ಬಹುಪಾಲು ನಿರುಪದ್ರವಿಯಾದ ಕೊಬ್ಬಿನ ಗಂಟು. ಪೆಟ್ಟು ಬಿದ್ದು ರಕ್ತ ಕಟ್ಟಿಕೊಂಡರೆ ಅದು ಹೆಮಟೋಮಾ. ಗ್ಲಾಕೋಮಾದಲ್ಲಂತೂ ಗಡ್ಡೆಯೇ ಇಲ್ಲ, ಅದು ಕಣ್ಣಿನ ನರ ಹಾಳಾಗುವ ಕಾಯಿಲೆ. ಬಾಲ ಒಂದನ್ನೇ ಕಂಡು ಎದೆ ಒಡೆದುಕೊಳ್ಳಬೇಕಿಲ್ಲ, ಅದರ ಹಿಂದಿನ ಡಬ್ಬಿಯಲ್ಲಿ ಏನಿದೆ ಎಂದೂ ನೋಡಬೇಕು.

ಒಂದೇ ಅಂಗಕ್ಕೆ ಎರಡೆರಡು ಹೆಸರು ಏಕೆ ಎಂಬ ಪ್ರಶ್ನೆಯೂ ಬರುತ್ತದೆ. ಕಿಡ್ನಿಯ ವಿಷಯಕ್ಕೆ ಒಂದು ಕಡೆ 'ರೀನಲ್' ಎಂದಿರುತ್ತದೆ, ಇನ್ನೊಂದು ಕಡೆ 'ನೆಫ್ರೋ'. ಮೊದಲನೆಯದು ಲ್ಯಾಟಿನ್, ಎರಡನೆಯದು ಗ್ರೀಕ್. ಯುರೋಪಿನಲ್ಲಿ ರೋಗಗಳನ್ನು ಮೊದಲು ವಿವರವಾಗಿ ಬರೆದಿಟ್ಟವರು ಗ್ರೀಕ್ ವೈದ್ಯರು. ಶವ ಕೊಯ್ದು ದೇಹವನ್ನು ಹೊಸದಾಗಿ ನೋಡಿದ ಹದಿನಾರನೇ ಶತಮಾನದ ಪಂಡಿತರು ಬರೆದದ್ದು ಲ್ಯಾಟಿನ್‌ನಲ್ಲಿ. 1543ರಲ್ಲಿ ಅಚ್ಚಾದ ವೆಸೇಲಿಯಸ್‌ನ ದೊಡ್ಡ ಅಂಗರಚನಾ ಗ್ರಂಥವೂ ಲ್ಯಾಟಿನ್‌ನದೇ. ನಮ್ಮಲ್ಲಿಯೂ ಹೀಗೆಯೇ ಅಲ್ಲವೆ? ಮುರಿಯುವುದು ಮೂಳೆ, ಆಸ್ಪತ್ರೆಯ ಫಲಕದಲ್ಲಿರುವುದು ಅಸ್ಥಿ. ನೋಯುವುದು ಕಣ್ಣು, ದಾನ ಮಾಡುವುದು ನೇತ್ರ. ಮನೆಮಾತು ಒಂದು, ಶಾಸ್ತ್ರದ ಮಾತು ಇನ್ನೊಂದು.

ಉರಿಯೂತ

'ಐಟಿಸ್'ಗೆ ಕನ್ನಡದಲ್ಲಿ ಉರಿಯೂತ ಎಂದು ಪದ ಕೊಟ್ಟವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ನಮಸ್ಕಾರ ಮಾಡಿದ್ದೇನೆ. ಮೊದಲನೇ ಶತಮಾನದ ರೋಮನ್ ಬರಹಗಾರ ಸೆಲ್ಸಸ್, ಉರಿಯೂತಕ್ಕೆ ನಾಲ್ಕು ಗುರುತು ಹೇಳಿದ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ವೈದ್ಯಕೀಯ ಕಾಲೇಜುಗಳಲ್ಲಿ ಇವತ್ತಿಗೂ ಅದನ್ನೇ ಕಲಿಸುತ್ತಾರೆ. ಇಂಗ್ಲಿಷಿನ ಪದದಲ್ಲಿ ಬೆಂಕಿ ಒಂದೇ ಇದೆ. ಕನ್ನಡದ ಪದದಲ್ಲಿ ಉರಿಯೂ ಇದೆ, ಊತವೂ ಇದೆ. ನಾಲ್ಕರಲ್ಲಿ ಎರಡು ಗುರುತು ಹೆಸರಿನಲ್ಲೇ ಕೂತಿವೆ.

ಒಳಗೆ ನಡೆಯುವುದೂ ಅದಕ್ಕೆ ಸರಿಯಾಗಿಯೇ ಇದೆ. ಮುಳ್ಳು ಚುಚ್ಚಿದ ಜಾಗಕ್ಕೆ ರಕ್ತ ಹೆಚ್ಚು ಹರಿದು ಬರುತ್ತದೆ, ಅದರಿಂದ ಕೆಂಪು, ಅದರಿಂದಲೇ ಬಿಸಿ. ಸಣ್ಣ ರಕ್ತನಾಳಗಳ ಗೋಡೆ ಸಡಿಲಾಗಿ ನೀರು ಮತ್ತು ಬಿಳಿ ರಕ್ತಕಣಗಳು ಹೊರಗೆ ಜಿನುಗುತ್ತವೆ, ಅದರಿಂದ ಊತ. ಉರಿಯೂತವೆಂದರೆ ಯಾವಾಗಲೂ ಸೋಂಕೆಂದಲ್ಲ. ಗಂಟಲಿನದು ಸೋಂಕಿನಿಂದ ಬಂದಿರಬಹುದು, ಸವೆದ ಮಂಡಿಯದು ಸೋಂಕಿಲ್ಲದೆಯೂ ಬಂದೀತು. 'ಐಟಿಸ್' ಎಂದು ಬರೆದ ಕಡೆಯಲ್ಲೆಲ್ಲ ಆ್ಯಂಟಿಬಯೋಟಿಕ್ ಕೇಳುವವರು ಇಷ್ಟನ್ನು ನೆನಪಿಡಬೇಕು.

ಇಲಿ, ಮೀನು, ಗೊಂಬೆ

ಅಂಗಗಳ ಹೆಸರಿಗೆ ಬಂದರೆ, ಹಳೆಯ ಅಂಗರಚನಾ ಪಂಡಿತರು ಹಳ್ಳಿಯವರ ಹಾಗೆಯೇ ಕಣ್ಣಿಗೆ ಕಂಡ ಹೋಲಿಕೆಯಿಂದಲೇ ಹೆಸರಿಟ್ಟಿದ್ದಾರೆ. ಒಳಗಿವಿಯ ಸುರುಳಿ 'ಕಾಕ್ಲಿಯಾ', ಎಂದರೆ ಬಸವನಹುಳು. ಮೊಣಕಾಲಿನ ಕೆಳಗಿನ ದಪ್ಪ ಮೂಳೆ 'ಟಿಬಿಯಾ', ಎಂದರೆ ಕೊಳಲು. ಬೆನ್ನೆಲುಬಿನ ತುದಿಯ 'ಕಾಕ್ಸಿಕ್ಸ್' ಕೋಗಿಲೆಯ ಕೊಕ್ಕು. ಮೆದುಳಿನಲ್ಲಿ ನೆನಪಿಗೆ ಬೇಕಾದ 'ಹಿಪೊಕ್ಯಾಂಪಸ್' ಒಂದು ಕಡಲಕುದುರೆ, ಭಯಕ್ಕೆ ಸಂಬಂಧಿಸಿದ 'ಅಮಿಗ್ಡಲಾ' ಒಂದು ಬಾದಾಮಿ.

ಚರ್ಮದ ಕೆಳಗೆ ಓಡಾಡುವ ಸ್ನಾಯು ರೋಮನ್ನರಿಗೆ ಪುಟ್ಟ ಇಲಿಯಂತೆ ಕಂಡಿತು. ಇಂಗ್ಲಿಷಿನ 'ಮಸಲ್' ಹುಟ್ಟಿದ್ದು ಹಾಗೆ. ಕನ್ನಡದವರಿಗೆ ಕಾಲಿನ ಹಿಂಭಾಗದ ಸ್ನಾಯುವಿನಲ್ಲಿ ಮೀನು ಕಂಡಿತು, ಅದು ಮೀನಖಂಡವಾಯಿತು. ಮಂಡಿಯ ಮುಂದಿನ ಮೂಳೆಯಲ್ಲಿ ಅವರು ಪುಟ್ಟ ತಟ್ಟೆ ಕಂಡರು, ನಾವು ಚಿಪ್ಪು ಕಂಡೆವು. ಕಣ್ಣಿಗೆ ಬಂದಾಗ ಮಾತ್ರ ಎರಡೂ ಕಡೆಯವರು ಕಂಡದ್ದು ಒಂದೇ. ಎದುರಿಗಿರುವವರ ಕಣ್ಣಿನ ಕಪ್ಪು ನಡುವನ್ನು ಹತ್ತಿರದಿಂದ ನೋಡಿ, ನಿಮ್ಮದೇ ಪುಟ್ಟ ಬಿಂಬ ಅಲ್ಲಿ ಕೂತಿರುತ್ತದೆ. ಲ್ಯಾಟಿನ್‌ನಲ್ಲಿ ಅದಕ್ಕೆ 'ಪುಪಿಲ್ಲಾ' ಎಂದರು, ಪುಟ್ಟ ಗೊಂಬೆ ಎಂದರ್ಥ. ನಾವು ಪಾಪೆ ಎಂದೆವು. ಪಾಪೆ ಎಂದರೂ ಗೊಂಬೆಯೇ.

ಆದರೆ ಹೋಲಿಕೆಯಿಂದ ಹೆಸರಿಡುತ್ತ ಹೋದರೆ ಊರಿಗೊಂದು ಹೆಸರಾಗುತ್ತದೆ. 19ನೇ ಶತಮಾನದ ಕೊನೆಗೆ ದೇಹದ ಭಾಗಗಳಿಗೆ ಯುರೋಪಿನಲ್ಲಿ ಸುಮಾರು 50,000 ಹೆಸರುಗಳು ಓಡಾಡುತ್ತಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ ಅಂಗರಚನಾ ತಜ್ಞರು ಅವನ್ನು ಸುಮಾರು 5,000ಕ್ಕೆ ಇಳಿಸಿದರು. ಇವತ್ತು ಬೆಂಗಳೂರಿನ ಸರ್ಜನ್ನರೂ ಬರ್ಲಿನ್ನಿನ ಸರ್ಜನ್ನರೂ ಒಂದು ರಕ್ತನಾಳವನ್ನು ಒಂದೇ ಹೆಸರಿನಿಂದ ಕರೆಯುವುದರ ಹಿಂದೆ ಆ ಕೆಲಸ ಇದೆ.

ನರ ಎಂಬ ಒಂದು ಮಾತು

ನಮ್ಮ ಕಡೆ ಈ ನಿಖರತೆ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು 'ನರ' ಎಂಬ ಒಂದೇ ಪದ ಸಾಕು. ರಕ್ತ ತೆಗೆಯಲು ಬಂದ ಸಿಸ್ಟರ್ "ನರ ಸಿಗ್ತಿಲ್ಲ" ಎಂದಾಗ ಅವರು ಹುಡುಕುತ್ತಿರುವುದು ಅಭಿಧಮನಿಯನ್ನು. "ಸೊಂಟದಿಂದ ಕಾಲಿನ ತನಕ ನರ ಎಳೀತದೆ" ಎಂದಾಗ ಅದು ನಿಜಕ್ಕೂ ನರವೇ ಇರಬಹುದು. "ಕುತ್ತಿಗೆ ನರ ಹಿಡ್ಕೊಂಡಿದೆ" ಎಂದಾಗ ಬಹುಮಟ್ಟಿಗೆ ಅದು ಸ್ನಾಯು. ಹಿಮ್ಮಡಿಯ ಹಿಂದಿನ ದಪ್ಪ 'ನರ' ಮೂಳೆಗೂ ಸ್ನಾಯುವಿಗೂ ಕೊಂಡಿಯಾದ ಹುರಿ. ಇನ್ನು "ಮೆದುಳಿನ ನರ ಒಡೆದುಹೋಗಿದೆ" ಎಂದು ಊರೆಲ್ಲ ಮಾತಾಡಿಕೊಳ್ಳುವಾಗ ಒಡೆದದ್ದು ರಕ್ತನಾಳ.

ಇದು ನಮ್ಮ ಜನರ ಅಜ್ಞಾನ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಸರ. ಗ್ರೀಕರ 'ನ್ಯೂರಾನ್'ಗೂ ಮೊದಲ ಅರ್ಥ ಹುರಿ, ಬಿಲ್ಲಿನ ಹೆದೆ. ಹುರಿಯಂತೆ ಕಂಡದ್ದೆಲ್ಲ ಅವರಿಗೂ ನ್ಯೂರಾನೇ ಆಗಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಶವಗಳನ್ನು ಕೊಯ್ದು ನೋಡಿ, ಸಂವೇದನೆ ಮತ್ತು ಚಲನೆಯನ್ನು ಸಾಗಿಸುವ ನರಗಳನ್ನು ಬೇರೆಯಾಗಿ ಗುರುತಿಸಿದ. ಅಪಧಮನಿಗಳಲ್ಲಿ ಹರಿಯುವುದು ಗಾಳಿ ಎಂಬ ನಂಬಿಕೆಯೂ ಹಿಂದೆ ಇತ್ತು, ಏಕೆಂದರೆ ಹೆಣದಲ್ಲಿ ಅವು ಬರಿದಾಗಿ ಕಾಣುತ್ತವೆ. 'ಆರ್ಟರಿ' ಎಂಬ ಪದದಲ್ಲಿ ಆ ತಪ್ಪಿನ ನೆನಪು ಇನ್ನೂ ಉಳಿದಿದೆ. ರಕ್ತ ಮೈಯಲ್ಲಿ ಸುತ್ತು ಹಾಕುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋರಿಸಿಕೊಟ್ಟದ್ದು 1628ರಲ್ಲಿ.

ಕೈ, ಕಾಲು, ಹೊಟ್ಟೆಗಳಲ್ಲಿಯೂ ಇದೇ ತೊಡಕು. ನಮಗೆ ಕೈ ಎಂದರೆ ಹೆಗಲಿನಿಂದ ಬೆರಳ ತುದಿಯವರೆಗೆ. ರಿಪೋರ್ಟಿನಲ್ಲಿ ಅದು ಮೂರು ಭಾಗ. ಹೊಟ್ಟೆ ಎಂದರೆ ಅನ್ನ ಸೇರುವ ಜಠರವೂ ಹೌದು, ಹೊಕ್ಕುಳಿನ ಸುತ್ತಲಿನ ಇಡೀ ಜಾಗವೂ ಹೌದು. ಆದ್ದರಿಂದ ಡಾಕ್ಟರ ಮುಂದೆ ಹೆಸರು ಹೇಳುವುದಕ್ಕಿಂತ ಬೆರಳಿಟ್ಟು ತೋರಿಸುವುದು ಒಳ್ಳೆಯದು. "ಗ್ಯಾಸ್ಟ್ರಿಕ್" ಎನ್ನುವ ಬದಲು ನೋವು ಎಲ್ಲಿ, ಯಾವಾಗ, ಉಂಡ ಮೇಲೋ ಹಸಿದಾಗಲೋ ಎಂದು ಹೇಳಿದರೆ ಅವರ ಅರ್ಧ ಕೆಲಸ ಹಗುರವಾಗುತ್ತದೆ.

ಹೇಳಿದ್ದು ಮತ್ತು ಕಂಡದ್ದು

ವೈದ್ಯರು ಎರಡು ಬಗೆಯ ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆದಿಡುತ್ತಾರೆ. ರೋಗಿ ಹೇಳಿದ್ದು ಒಂದು: ತಲೆನೋವು, ಸುಸ್ತು, ವಾಕರಿಕೆ. ವೈದ್ಯರು ಕಂಡದ್ದು, ಮುಟ್ಟಿದ್ದು, ಕೇಳಿಸಿಕೊಂಡದ್ದು ಇನ್ನೊಂದು. ಕಾಲಿನ ಊತವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ ಅಲ್ಲಿ ನೀರು ತುಂಬಿದೆ ಎಂಬ ಗುರುತು. ಉಗುರಿನ ಬುಡ ಉಬ್ಬಿ ಬೆರಳ ತುದಿ ಡೋಲಿನ ಕೋಲಿನಂತಾಗಿದ್ದರೆ ಶ್ವಾಸಕೋಶದಲ್ಲೋ ಹೃದಯದಲ್ಲೋ ಬಹುದಿನದ ತೊಂದರೆ ಇರಬಹುದು ಎಂಬ ಗುರುತು. ಹಲವು ಲಕ್ಷಣ, ಗುರುತುಗಳು ಯಾವಾಗಲೂ ಜೊತೆಜೊತೆಗೇ ಬಂದರೆ ಆ ಕೂಟಕ್ಕೆ 'ಸಿಂಡ್ರೋಮ್' ಎಂದು ಹೆಸರು. ಗ್ರೀಕ್‌ನಲ್ಲಿ ಅದಕ್ಕೆ 'ಒಟ್ಟಿಗೆ ಓಡುವುದು' ಎಂದರ್ಥ.

ಗುರುತು ಹಿಡಿಯುವ ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ತುಂಬ ಪ್ರಿಯನಾದವನು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್. ಅವನ ಅಪ್ಪ ಛತ್ರ ನಡೆಸುತ್ತಿದ್ದವನು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆ ಎಂದು ತಟ್ಟಿ ನೋಡಿ ತಿಳಿಯುವುದನ್ನು ಕಂಡು ಬೆಳೆದ ಈ ವೈದ್ಯ, ರೋಗಿಯ ಎದೆಯನ್ನೂ ಹಾಗೆಯೇ ತಟ್ಟಿ ನೋಡಬಹುದೆಂದು 1761ರಲ್ಲಿ ಬರೆದ. ಗಾಳಿ ಇರುವಲ್ಲಿ ಟೊಳ್ಳು ಸದ್ದು, ನೀರು ತುಂಬಿದಲ್ಲಿ ಮಂದ ಸದ್ದು. ಹಲಸಿನ ಹಣ್ಣನ್ನು ತಟ್ಟಿ ನೋಡಿ ಆರಿಸುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ.

ಗುರುತನ್ನೇ ರೋಗವೆಂದು ತಿಳಿದಾಗ ಏನಾಗುತ್ತದೆ ಎಂಬುದಕ್ಕೆ ಕಾಮಾಲೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಾಮಾಲೆ, ಕಾಮಣಿ, ಜಾಂಡೀಸ್, ಯಾವ ಹೆಸರಿನಿಂದ ಕರೆದರೂ ಅದು ಕಣ್ಣು ಮತ್ತು ಚರ್ಮ ಹಳದಿಯಾಗಿದೆ ಎಂಬ ಗುರುತು ಮಾತ್ರ. ನಮ್ಮ ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅದು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಲಿವರ್ ಅದನ್ನು ಹಿಡಿದು ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಈ ದಾರಿ ಮೂರು ಕಡೆ ಕೆಡಬಹುದು. ರಕ್ತಕಣಗಳೇ ಬೇಗ ಬೇಗ ಒಡೆಯುತ್ತಿರಬಹುದು. ಲಿವರ್‌ಗೇ ಉರಿಯೂತ ಬಂದಿರಬಹುದು. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಕೂತಿರಬಹುದು. ಮೂರರಲ್ಲೂ ಕಣ್ಣು ಹಳದಿ, ಮೂರಕ್ಕೂ ಚಿಕಿತ್ಸೆ ಬೇರೆ.

ಊರಿನಲ್ಲಿ ಕೊಡುವ ಎಲೆಮದ್ದಿನಿಂದ ಎಷ್ಟೋ ಜನರ ಕಾಮಾಲೆ ವಾಸಿಯಾಗಿದೆ ಎಂಬ ಮಾತು ಸುಳ್ಳಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ, ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮದ್ದು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ತೊಂದರೆ ಆಗುವುದು ಉಳಿದವರಿಗೆ. ಪಿತ್ತನಾಳ ಕಟ್ಟಿಕೊಂಡವರ ಮಲ ಬಿಳಿಚಿ ಸುಣ್ಣದಂತಾಗುತ್ತದೆ, ಮೈಯೆಲ್ಲ ತುರಿಕೆ ಬರುತ್ತದೆ, ಮೂತ್ರ ಚಹಾದ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಅವರು ಎಲೆಮದ್ದು ಕುಡಿಯುತ್ತ, ಪಥ್ಯ ಮಾಡುತ್ತ ಕಳೆಯುವ ಒಂದೊಂದು ವಾರವೂ ನಷ್ಟ. ಬಾಣಂತಿಯ ಮಡಿಲಿನ ಹಸುಗೂಸಿಗೆ ಹುಟ್ಟಿದ ದಿನವೇ ಹಳದಿ ಕಂಡರೆ ವಾರ ಕಾಯುವಂತೆಯೂ ಇಲ್ಲ, ಬಿಲಿರುಬಿನ್ ವಿಪರೀತ ಏರಿದರೆ ಅದು ಮೆದುಳಿಗೆ ಹಾನಿ ಮಾಡುತ್ತದೆ.

ಸರ್ಪವೂ ಸುತ್ತೂ

ಈಗ ಇನ್ನೊಂದು ಪದ. ಪಕ್ಕೆಯಲ್ಲಿ ಒಂದೇ ಕಡೆ ಉರಿ, ಎರಡು ದಿನಕ್ಕೆ ಸಾಲಾಗಿ ಏಳುವ ನೀರುಗುಳ್ಳೆ. ನಮ್ಮಲ್ಲಿ ಇದು ಸರ್ಪಸುತ್ತು. ವೈದ್ಯರ ಭಾಷೆಯಲ್ಲಿ ಹರ್ಪೀಸ್ ಜೋಸ್ಟರ್. ಹರ್ಪೀಸ್ ಬಂದದ್ದು 'ತೆವಳು' ಎಂಬ ಅರ್ಥದ ಗ್ರೀಕ್ ಧಾತುವಿನಿಂದ. ಜೋಸ್ಟರ್ ಎಂದರೆ ಸೊಂಟಪಟ್ಟಿ. ತೆವಳುವ ಪಟ್ಟಿ ಎಂದು ಅವರು, ಸರ್ಪದ ಸುತ್ತು ಎಂದು ನಾವು. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಆ ಗ್ರೀಕ್ ಧಾತುವೂ ಸಂಸ್ಕೃತದ 'ಸರ್ಪ'ವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಸಾವಿರಾರು ಮೈಲಿ ಆಚೆಈಚೆ ಇದ್ದವರು ಒಂದೇ ಗುಳ್ಳೆಯ ಸಾಲು ಕಂಡು ಒಂದೇ ಬೇರಿನ ಪದ ಹಚ್ಚಿದ್ದಾರೆ.

ಹೆಸರು ಚೆಂದ, ಆದರೆ ಅದರ ಬೆನ್ನಿಗೆ ಒಂದು ಭಯ ಅಂಟಿಕೊಂಡಿದೆ. ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತದಂತೆ. ಅದಕ್ಕೇ ಮಂತ್ರ ಹಾಕಿಸುವುದು, ಲೇಪ ಹಚ್ಚಿಸುವುದು. ನಿಜದಲ್ಲಿ ನಡೆಯುವುದು ಬೇರೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ ಮೈ ಬಿಟ್ಟು ಹೋಗುವುದಿಲ್ಲ, ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದಾಗ, ಅಥವಾ ಮೈಯ ರೋಗನಿರೋಧಕ ಶಕ್ತಿ ಕುಂದಿದಾಗ ಎದ್ದು, ಆ ಒಂದು ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಎಡಗಡೆಯ ನರ ಎಡಗಡೆಗೆ, ಬಲಗಡೆಯದು ಬಲಗಡೆಗೆ. ಆದ್ದರಿಂದ ಗುಳ್ಳೆಗಳ ಸಾಲು ಸಾಮಾನ್ಯವಾಗಿ ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ. ತಲೆ ಬಾಲ ಕೂಡದಿರುವುದಕ್ಕೆ ಕಾರಣ ನಮ್ಮ ನರಗಳ ಹಂಚಿಕೆ.

ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ನೋವು ವಯಸ್ಸಾದವರಿಗೆ ಬರುವುದುಂಟು. ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಬೇಕು. ಸರ್ಪಸುತ್ತು ಎಂಬ ಪದವನ್ನು ಬಿಡಬೇಕು ಎಂದು ನಾನು ಹೇಳಲಾರೆ. ಬಿಡಬೇಕಾದದ್ದು ಆ ಮೂರು ದಿನ ಮಂತ್ರಕ್ಕಾಗಿ ಕಾಯುವುದನ್ನು.

ಒಂದೇ ಹೃದಯ, ಮೂರು ಮಾತು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅಗಲಿದ ಮೇಲೆ ಕರ್ನಾಟಕದ ಮನೆಮನೆಯಲ್ಲೂ ಹೃದಯದ ಮಾತು ನಡೆಯಿತು. ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆಯೂ ಬಂತು. ಆದರೂ ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ ಎಂಬ ಮೂರನ್ನು ನಮ್ಮ ಸುದ್ದಿಗಳು ಇವತ್ತಿಗೂ ಒಂದರ ಬದಲು ಒಂದು ಬಳಸುತ್ತವೆ.

ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡಿರುತ್ತದೆ. ರೋಗಿಗೆ ಎಚ್ಚರ ಇರುತ್ತದೆ, ಮಾತಾಡುತ್ತಿರುತ್ತಾರೆ, ಬೆವರುತ್ತಿರುತ್ತಾರೆ, ಎದೆ ಹಿಂಡುತ್ತಿದೆ ಎನ್ನುತ್ತಾರೆ. ಸ್ತಂಭನದಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸಿರುತ್ತದೆ. ವ್ಯಕ್ತಿ ಕುಸಿದು ಬೀಳುತ್ತಾರೆ, ಕರೆದರೆ ಓಗೊಡುವುದಿಲ್ಲ, ಸರಿಯಾದ ಉಸಿರಿರುವುದಿಲ್ಲ. ಆಘಾತವೇ ಸ್ತಂಭನಕ್ಕೆ ದಾರಿಯಾಗಬಹುದು, ಆದರೆ ಎರಡೂ ಒಂದಲ್ಲ. ಮೊದಲನೆಯದರಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು. ಎರಡನೆಯದರಲ್ಲಿ ಆ್ಯಂಬುಲೆನ್ಸಿಗೆ ಕರೆ ಮಾಡಿಸಿ, ಅದು ಬರುವವರೆಗೆ ಪಕ್ಕದಲ್ಲಿದ್ದವರೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಇನ್ನು ವೈಫಲ್ಯ ಎಂಬುದು ಹೃದಯ ನಿಂತುಹೋಯಿತು ಎಂಬ ಮಾತಲ್ಲ. ಪಂಪು ಸೋತಿದೆ, ಕಾಲು ಊದುತ್ತದೆ, ಅಂಗಾತ ಮಲಗಿದರೆ ಏದುಸಿರು ಬರುತ್ತದೆ. ಮಾತ್ರೆ, ಉಪ್ಪಿನ ಮಿತಿ, ವೈದ್ಯರ ಕಣ್ಗಾವಲಿನಲ್ಲಿ ವರ್ಷಗಟ್ಟಲೆ ಬದುಕುವವರಿದ್ದಾರೆ. ಅಂಥವರ ಮುಂದೆ 'ವೈಫಲ್ಯ' ಎಂಬ ಪದವನ್ನು ವಿವರಣೆಯಿಲ್ಲದೆ ಹೇಳುವುದು ಕ್ರೂರ.

ಪಾರ್ಶ್ವವಾಯು ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಅದರಲ್ಲಿ ವಾಯು ಇರುವುದರಿಂದ ಎಣ್ಣೆ ತಿಕ್ಕಿಸಲು ಓಡುವವರು ಈಗಲೂ ಇದ್ದಾರೆ. ಲಕ್ವ ಅರಬ್ಬಿಯಿಂದ ಬಂದ ಮಾತು, ಅಲ್ಲಿ ಅದಕ್ಕೆ ಮುಖ ಸೊಟ್ಟಗಾಗುವುದು ಎಂಬ ಅರ್ಥ ಮಾತ್ರ. ಕೆಟ್ಟಿರುವುದು ಕೈಯಲ್ಲೂ ಅಲ್ಲ, ಕಾಲಲ್ಲೂ ಅಲ್ಲ, ಮೆದುಳಿನ ರಕ್ತನಾಳದಲ್ಲಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಬಾಯಿ ಒಂದು ಕಡೆಗೆ ಎಳೆದರೆ, ಎತ್ತಿದ ಕೈ ಜಾರಿದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ಹೊರಡಬೇಕು.

ಹೆದರಿಸುವ ಚಿಕ್ಕ ಪದಗಳು

ರಿಪೋರ್ಟಿನ ಉದ್ದ ಪದಗಳಿಗಿಂತ ಚಿಕ್ಕ ಪದಗಳೇ ಹೆಚ್ಚು ಕಾಡುತ್ತವೆ. 'ಅಕ್ಯೂಟ್' ಎಂದರೆ ಇದ್ದಕ್ಕಿದ್ದಂತೆ ಶುರುವಾದದ್ದು, ಗಂಭೀರ ಎಂದೇ ಅರ್ಥವಲ್ಲ. ಅದಕ್ಕೆ ಕನ್ನಡದಲ್ಲಿ 'ತೀವ್ರ' ಎಂದು ಬರೆದಾಗ ಸಾಮಾನ್ಯ ನೆಗಡಿಯೂ ಭಯ ಹುಟ್ಟಿಸುತ್ತದೆ. 'ಕ್ರಾನಿಕ್' ಎಂದರೆ ಬಹುಕಾಲದ್ದು. 'ಬಿನೈನ್' ಎಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, 'ಮ್ಯಾಲಿಗ್ನೆಂಟ್' ಎಂದರೆ ಕ್ಯಾನ್ಸರ್. 'ನೆಗೆಟಿವ್' ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದು, ಬಹಳಷ್ಟು ಸಲ ಅದು ಸಿಹಿ ಸುದ್ದಿ. 'ಅನ್‌ರಿಮಾರ್ಕಬಲ್' ಎಂದಿದ್ದರೆ ಎತ್ತಿ ಹೇಳುವಂಥ ದೋಷ ಕಾಣಲಿಲ್ಲ ಎಂದು. 'ಇಡಿಯೋಪಥಿಕ್' ಎಂದರೆ ಕಾರಣ ತಿಳಿದಿಲ್ಲ ಎಂಬುದಕ್ಕೆ ಇಟ್ಟ ಗೌರವದ ಹೆಸರು.

ಹೆಸರಿನ ಗೊಂದಲ ವೈದ್ಯರನ್ನೂ ಬಿಟ್ಟಿಲ್ಲ. ಡಯಾಬಿಟಿಸ್ ಎಂಬುದಕ್ಕೆ ಗ್ರೀಕ್‌ನಲ್ಲಿ 'ಹಾದು ಹರಿದುಹೋಗುವುದು' ಎಂಬ ಅರ್ಥ. ಕುಡಿದ ನೀರೆಲ್ಲ ಮೂತ್ರವಾಗಿ ಹೋಗುವ ಸ್ಥಿತಿ ಅದು. ಮೂತ್ರ ಸಿಹಿಯಾದರೆ ಅದರ ಜೊತೆಗೆ ಜೇನಿನ ಅರ್ಥದ 'ಮೆಲಿಟಸ್' ಸೇರಿತು. ನಮ್ಮ ಮಧುಮೇಹದಲ್ಲೂ ಜೇನಿದೆ. ಆದರೆ 'ಡಯಾಬಿಟಿಸ್ ಇನ್ಸಿಪಿಡಸ್' ಎಂಬ ಹೆಸರಿನ ಬೇರೆಯೇ ಕಾಯಿಲೆಯೂ ಇದೆ. ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ, ತೊಂದರೆ ಇರುವುದು ನೀರನ್ನು ಮೈಯಲ್ಲಿ ಹಿಡಿದಿಡುವ ಹಾರ್ಮೋನಿನದು. ಹೆಸರಿನ ಮೊದಲ ಪದ ಒಂದೇ ಆದ್ದರಿಂದ ಆಸ್ಪತ್ರೆಗಳಲ್ಲೇ ಇದನ್ನು ಸಕ್ಕರೆ ಕಾಯಿಲೆ ಎಂದು ತಪ್ಪು ತಿಳಿದು ರೋಗಿಗಳಿಗೆ ಹಾನಿಯಾಯಿತು. 2022ರಲ್ಲಿ ತಜ್ಞರು ಆ ಕಾಯಿಲೆಗೆ ಹೊಸ ಹೆಸರು ಸೂಚಿಸಿದರು.

ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ, ಯಾರೂ ಓದದ ಸಾಲು: 'ಕ್ಲಿನಿಕಲಿ ಕೋರಿಲೇಟ್' ಮಾಡಿ ಎಂದು. 'ಕ್ಲಿನಿಕ್' ಬಂದದ್ದು ಹಾಸಿಗೆ ಎಂಬ ಅರ್ಥದ ಗ್ರೀಕ್ ಪದದಿಂದ. ನಾನು ಚಿತ್ರ ನೋಡಿ ಬರೆದಿದ್ದೇನೆ, ಹಾಸಿಗೆಯ ಮೇಲಿನ ಮನುಷ್ಯನನ್ನು ನೋಡಿ ನೀವು ಇದನ್ನು ತಾಳೆ ಹಾಕಿ ಎಂದು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಹೇಳುವ ಮಾತು ಅದು. ಪಿತ್ತಕೋಶದಲ್ಲಿ ಕಲ್ಲಿದ್ದೂ ಯಾವ ನೋವೂ ಇಲ್ಲದೆ ಬದುಕುವವರು ಬೇಕಾದಷ್ಟು ಜನ, ಅವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಕಲ್ಲಿನಿಂದಲೇ ನೋವು ಬರುತ್ತಿದ್ದರೆ ಮಾತು ಬೇರೆ. ಬಸ್ಸಿನಲ್ಲಿ ಕೂತಿದ್ದ ಆ ಮಗಳಿಗೆ ಮೊಬೈಲು ಇದನ್ನು ಹೇಳಲಾರದು.

ಕನ್ನಡದಲ್ಲಿ ಪದ ಇಲ್ಲವೆಂದಲ್ಲ

ಕ್ಯಾನ್ಸರ್‌ಗೆ ಹಿಪಾಕ್ರಟಿಸನ ಕಾಲದ ಗ್ರೀಕರು ಏಡಿಯ ಹೆಸರಿಟ್ಟರು. ಗಡ್ಡೆಯ ಸುತ್ತ ಹರಡಿದ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡದ್ದೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಅದನ್ನು 'ಏಡಿಗಂತಿ' ಎಂದು ಕರೆಯಿತು. ಅಪ್ಪಟ ಕನ್ನಡದ, ಎದುರಿಗೆ ಚಿತ್ರ ಕಟ್ಟುವ ಪದ. ಆದರೂ ಅದು ಜನರ ನಾಲಗೆಗೆ ಹತ್ತಲಿಲ್ಲ, ಕ್ಯಾನ್ಸರ್ ಹತ್ತಿತು. ಡಾ. ಡಿ. ಎಸ್. ಶಿವಪ್ಪನವರಂಥವರು ವೈದ್ಯಕೀಯ ಪದಗಳನ್ನು ಕನ್ನಡಕ್ಕೆ ತರಲು ಜೀವಮಾನವಿಡೀ ದುಡಿದರು. ಅನುಪಮಾ ನಿರಂಜನ ಅವರ 'ತಾಯಿ ಮಗು' ಓದಿ ಬಸಿರು ಬಾಣಂತನ ತಿಳಿದುಕೊಂಡ ಹೆಣ್ಣುಮಕ್ಕಳು ನಮ್ಮ ಹಿಂದಿನ ತಲೆಮಾರಿನ ತುಂಬ ಇದ್ದಾರೆ. ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಹಳ್ಳಿಯವರಿಗೂ ಅರ್ಥವಾಗುವಂತೆ ಬರೆಯುತ್ತ ಬಂದಿದ್ದಾರೆ.

ಬಿಪಿ, ಶುಗರ್, ಸ್ಕ್ಯಾನಿಂಗ್ ಎಲ್ಲ ಈಗ ಕನ್ನಡವೇ, ಅವನ್ನು ಅಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ನನ್ನ ಒತ್ತಾಯ ಇರುವುದು ಬೇರೆ ಕಡೆ. ರಿಪೋರ್ಟಿನ ಕೊನೆಗೆ ಬರುವ 'ಇಂಪ್ರೆಷನ್' ಎಂಬ ಎರಡು ಸಾಲಿನ ಕೆಳಗೆ ಅದರ ಸಾರವನ್ನು ಕನ್ನಡದಲ್ಲಿ ಇನ್ನೆರಡು ಸಾಲು ಬರೆಯಲು ಆಗದೆ? ಆ ಎರಡು ಸಾಲು ಇದ್ದಿದ್ದರೆ ಆ ಮನೆಯಲ್ಲಿ ಆ ರಾತ್ರಿ ಊಟ ಆಗುತ್ತಿತ್ತು.

ಮಂಗನ ಹೆಸರಿನ ಕಾಯಿಲೆ

ಕಾಯಿಲೆಗೆ ಊರಿನ, ಪ್ರಾಣಿಯ, ಜನಾಂಗದ ಹೆಸರಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚನೆ ಕೊಟ್ಟಿತು. ಹೆಸರು ಹೊತ್ತವರು ಕಳಂಕವನ್ನೂ ಹೊರುತ್ತಾರೆ ಎಂಬುದು ಅದರ ಕಾರಣ. ಆ ಹೊತ್ತಿಗೆ ನಮ್ಮ ಮಲೆನಾಡಿನ ಕಾಯಿಲೆಯೊಂದು ಊರಿನ ಹೆಸರನ್ನೂ ಪ್ರಾಣಿಯ ಹೆಸರನ್ನೂ ಹೊತ್ತು ಅರವತ್ತು ವರ್ಷಗಳಾಗುತ್ತ ಬಂದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ವಿಜ್ಞಾನಿಗಳಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ಊರವರಿಗೆ ಮಂಗನ ಕಾಯಿಲೆ.

ಮಂಗನ ತಪ್ಪು ಇದರಲ್ಲಿ ಏನೂ ಇಲ್ಲ, ಮನುಷ್ಯರಂತೆ ಅದೂ ಈ ವೈರಸ್ಸಿಗೆ ಬಲಿಯಾಗುವ ಪ್ರಾಣಿ. ವೈರಸ್ ಹೊತ್ತು ತಿರುಗುವುದು ಉಣ್ಣೆ, ಕೆಲವು ಕಡೆ ಅದಕ್ಕೆ ಉಣುಗು ಎನ್ನುತ್ತಾರೆ. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ತೀರಿಕೊಳ್ಳುತ್ತಾರೆ.

ಹಾಗಿದ್ದರೂ ಈ ಹೆಸರನ್ನು ಬದಲಿಸಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣ್ಣೆಗಳು ಸುತ್ತಲಿನ ತರಗೆಲೆಗೆ ಉದುರುತ್ತವೆ. ಅಲ್ಲಿಗೆ ಸೌದೆಗೋ ತರಗೆಲೆಗೋ ದನ ಹುಡುಕಲೋ ಹೋದವರಿಗೆ ಹತ್ತುತ್ತವೆ. ಕಾಡಿನಲ್ಲಿ ಸತ್ತು ಬಿದ್ದ ಮಂಗ ಎಂದರೆ ಜನರಿಗೆ ಜ್ವರ ಬರುವ ಮೊದಲೇ ಕಾಣುವ ಗುರುತು, ಮತ್ತು ಆ ಗುರುತು ಕಾಯಿಲೆಯ ಹೆಸರಿನಲ್ಲೇ ಇದೆ. ಅಕ್ಷರ ಬಾರದ ಅಜ್ಜಿಗೂ ಏನನ್ನು ಕಂಡರೆ ಎಚ್ಚರಾಗಬೇಕೆಂದು ಆ ಹೆಸರು ಹೇಳುತ್ತದೆ. ಚಳಿಗಾಲ ಕಳೆದು ಬೇಸಿಗೆ ಹತ್ತುವ ಹೊತ್ತಿಗೆ ಆಶಾ ಕಾರ್ಯಕರ್ತೆಯರು ಉಣ್ಣೆ ಹತ್ತದಂತೆ ಹಚ್ಚುವ ಡೆಪಾ ತೈಲದ ಬಾಟಲಿ ಹಿಡಿದು ಮಲೆನಾಡಿನ ಮನೆಗಳಿಗೆ ಬರುತ್ತಾರೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆ ತೆಗೆದು ಬಿಸಿನೀರು, ಸೋಪು ಹಾಕಿ ಮೀಯಿರಿ, ಎಲ್ಲಾದರೂ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಬಂದು ನಮಗೆ ಹೇಳಿ ಎನ್ನುತ್ತಾರೆ.